ಬಾರದವರಿಗೆ ಕಾದಿಟ್ಟ ಕುರ್ಚಿ

"ಆ ಕುರ್ಚಿ ಮೇಲೆ ಮಾತ್ರ ಕೂರಬೇಡಿ ಆರ್ಡೆಲಾ, ಪ್ಲೀಸ್. ಅದು ಒಬ್ಬರಿಗೆ ಮೀಸಲು," ಎಂದಳು ಮಿಸ್ ಹ್ಯಾಲೊರನ್, ಬಾಗಿಲಲ್ಲಿ ನಿಂತು, ನಗುತ್ತಲೇ.

ಆರ್ಡೆಲಾ ಕೂತದ್ದಾದರೂ ಎಷ್ಟು? ಪಕ್ಕದ ಮೇಜಿನ ತಳಕ್ಕೆ ಮಕ್ಕಳು ಅಂಟಿಸಿದ್ದ ಚೂಯಿಂಗ್ ಗಮ್ಮನ್ನು ಮೊಂಡು ಚಾಕುವಿನಿಂದ ಕೆರೆದು ಕೆರೆದು ಮಂಡಿ ಹಿಡಿದುಕೊಂಡಿತ್ತು. ಅರ್ಧ ಅಂಡು ಊರಿ ಒಂದು ಉಸಿರು ಬಿಟ್ಟಿದ್ದಳು, ಅಷ್ಟೆ. ಅರವತ್ತು ದಾಟಿದ ಮಂಡಿಗೆ ಅಷ್ಟೂ ಹಕ್ಕಿಲ್ಲವೇ? ಎದ್ದಳು.

"ಯಾರ್ಗೆ ಮೀಸ್ಲು ಮಿಸ್?"

"ಬರುವ ಮಗುವಿಗೆ."

"ಇಸ್ಕೂಲು ಸುರುವಾಗಿ ತಿಂಗ್ಳ ಮ್ಯಾಲಾಯ್ತು. ಎಲ್ಲಿಂದ ಬತ್ತೈತೆ ಆ ಮಗ? ನಡ್ಕಂಡ್ ಬತ್ತೈತಾ?"

ಮಿಸ್ ಹ್ಯಾಲೊರನ್ ಮತ್ತೆ ನಕ್ಕಳು. ಅವಳು ಶಾಲೆಯ ಸೇರ್ಪಡೆ ನೋಡಿಕೊಳ್ಳುವವಳು. ಒಳ್ಳೆಯ ಹೆಂಗಸು. ಜಾಡಿಸಿ ಬೈಯುವವಳಾಗಿದ್ದರೆ ಆರ್ಡೆಲಾಳಿಗೆ ಸುಲಭವಿತ್ತು, ತಿರುಗಿ ಬೈಯಬಹುದಿತ್ತು. ಇವಳು ಎದೆ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು ಇಲ್ಲ ಅನ್ನುತ್ತಿದ್ದಳು. ಆಮೇಲೆ ಅವಳನ್ನೇ ಸಮಾಧಾನ ಮಾಡಬೇಕಾಗುತ್ತಿತ್ತು.

ಕನೆಕ್ಟಿಕಟ್ಟಿನ ಆ ನದಿ ದಂಡೆಯ ನಗರದಲ್ಲಿ ಓಕ್‌ಮೂರ್ ಶಾಲೆಯೆಂದರೆ ಸರ್ಕಾರಿ ಶಾಲೆಗಳಲ್ಲೇ ಮಹಾರಾಣಿ. ವಿಜ್ಞಾನದ ಕೋಣೆ, ಮಾಳಿಗೆ ಮೇಲೆ ದೂರದರ್ಶಕ, ಒಡೆಯದ ಕಿಟಕಿ ಗಾಜು. ಸುತ್ತಲಿನ ಬೀದಿಗಳಲ್ಲಿ ಇದ್ದವರು ಕರಿಯರು, ಪೋರ್ಟೊ ರಿಕೋದವರು. ಯಾರಿಗೆ ಸೀಟು ಎಂದು ಚೀಟಿ ಎತ್ತುವ ದಿನ ಅವರ ಮಕ್ಕಳು ಸಾಲುಗಟ್ಟುತ್ತಿದ್ದರು. ಆದರೆ ಕೋರ್ಟು ಹಾಕಿಕೊಟ್ಟ ಕಟ್ಟಳೆಯೊಂದಿತ್ತು: ಕರಿಯ ಮಕ್ಕಳೇ ತುಂಬಿಕೊಂಡು ಕೂರಬಾರದು, ಕಾಲು ಭಾಗ ಕುರ್ಚಿ ಬಿಳಿಯ ಮಕ್ಕಳಿಗೆ ಇರಲೇಬೇಕು. ಬಿಳಿಯ ಮಕ್ಕಳು ಇದ್ದದ್ದು ಊರಾಚೆಯ ಬಡಾವಣೆಗಳಲ್ಲಿ. ಅವರಿಗೆ ಅಲ್ಲೇ ಒಳ್ಳೆಯ ಶಾಲೆಗಳಿದ್ದವು. ಇಲ್ಲಿಗೆ ಯಾಕೆ ಬರುತ್ತಾರೆ? ಬರುತ್ತಿರಲಿಲ್ಲ. ಕುರ್ಚಿಗಳು ಮಾತ್ರ ಮದುಮಗನಿಗೆ ಕಾದಂತೆ ಕಾಯುತ್ತಿದ್ದವು. ಆರ್ಡೆಲಾ ದಿನಾ ಅವುಗಳ ಧೂಳು ಒರೆಸುತ್ತಿದ್ದಳು.

ಅವಳ ಮೊಮ್ಮಗಳು ಕೆಜಿಯಾಳ ಹೆಸರು ಚೀಟಿಯಲ್ಲಿ ಬಂದಿರಲಿಲ್ಲ. ಓಕ್‌ಮೂರಿಗೆ ಸೇರುವುದು ಆರನೇ ತರಗತಿಗೆ ಮಾತ್ರ. ಅಕ್ಟೋಬರಿನ ರಜೆ ಮುಗಿದರೆ ಸೇರ್ಪಡೆಯೂ ಮುಗಿಯಿತು, ಮುಂದೆ ಆ ಬಾಗಿಲೇ ಇಲ್ಲ. ಹುಡುಗಿ ಈಗ ಹೋಗುತ್ತಿದ್ದ ಬೀದಿಕೊನೆಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಸೆಪ್ಟೆಂಬರಿನಲ್ಲೇ ಬಿಟ್ಟು ಹೋಗಿದ್ದರು. ಆ ಗಂಟೆಯಲ್ಲಿ ಮಕ್ಕಳಿಗೆ ಕಾರ್ಟೂನು ಹಾಕಿ ಕೂರಿಸುತ್ತಿದ್ದರು.

"ನಮ್ ಕೆಜಿಯಾನೇ ಕೂತ್ಕಳ್ಲಿ ಬುಡಿ ಮಿಸ್, ಈ ಕುರ್ಚಿ ಮ್ಯಾಲೆ," ಎಂದಳು ಆರ್ಡೆಲಾ. "ನಾಳೆ ಆ ಮಗ ಬಂದ್ರೆ ಎದ್ದು ಜಾಗ ಕೊಡ್ತಾಳೆ. ಎದ್ದು ಜಾಗ ಕೊಡಾದು ನಮ್ಗೇನು ಹೊಸ್ದಾ?"

"ನನ್ನ ಕೈಲಿದ್ದಿದ್ದರೆ ಇವತ್ತೇ ಕೂರಿಸುತ್ತಿದ್ದೆ ಆರ್ಡೆಲಾ. ಆದರೆ ಲೆಕ್ಕ ತಪ್ಪಿದರೆ ಇಡೀ ಶಾಲೆಗೇ ತೊಂದರೆ. ಇದೆಲ್ಲ ನಿಮ್ಮ ಮಕ್ಕಳ ಒಳ್ಳೆಯದಕ್ಕೇ ಮಾಡಿದ್ದಲ್ಲವಾ?" ಮಿಸ್ ಹ್ಯಾಲೊರನ್ನಳ ಕೈ ಎದೆಯ ಮೇಲೆ ಹೋಯಿತು. ಕಣ್ಣು ಒದ್ದೆಯಾಯಿತು.

"ಅಯ್ಯೋ, ಅಳ್ಬೇಡಿ ಮಿಸ್. ಇರ್ಲಿ ಬುಡಿ," ಎಂದಳು ಆರ್ಡೆಲಾ. ನೋಡಿ, ಮತ್ತೆ ಅದೇ ಆಯಿತು.

ಮಧ್ಯಾಹ್ನ ನೆಲಮಾಳಿಗೆಯ ಬಾಯ್ಲರ್ ಕೋಣೆಯಲ್ಲಿ ಊಟ. ಜೊತೆಗೆ ನೆಲ ಒರೆಸುವ ಕ್ಲೈವ್ ಜಮೈಕಾದವನು, ಆರ್ಡೆಲಾಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಬಿಸಿ ಪೈಪಿನ ಮೇಲೆ ಖೀಮಾ ತುಂಬಿದ ತನ್ನ ಪ್ಯಾಟಿಯನ್ನು ಬಿಸಿಗಿಟ್ಟು, ತಾನು ಅಕ್ಕ ಎನ್ನುವ ಆರ್ಡೆಲಾಳ ಡಬ್ಬಿಯ ಜೋಳದ ರೊಟ್ಟಿಗೆ ಕೈ ಹಾಕಿದ.

"ಸುಟ್ಟಾಕ್ಬೇಕು ಕಣಕ್ಕ ಆ ಕಟ್ಳೇನ," ಎಂದ. "ಯಾವ್ ಮುಂಡೇಮಗ ಮಾಡಿದ್ನೋ."

"ನಿಮ್ ಭಾವ ಮಾಡಿದ್ದು."

"ಆಂ?"

"ನಮ್ ಓಟಿಸ್ ಕಣ್ಲಾ, ನನ್ ಗಂಡ. ಈ ಊರಾಗೆ ಬಿಳಿಯರ ಇಸ್ಕೂಲೇ ಬ್ಯಾರೆ, ನಮ್ದೇ ಬ್ಯಾರೆ ಆಗೈತೆ, ಎಲ್ಲಾ ಮಕ್ಳೂ ಒಂದೇ ತಾವು ಕೂತು ಓದ್ಬೇಕು ಅಂತ ಕೋರ್ಟಿಗೆ ಹೋದ್ರಲ್ಲ, ಅದ್ರಾಗೆ ಅವ್ನೂ ಇದ್ದ. ಹಿಮ ಬೀಳ್ತಿದ್ರೂ ಬೋರ್ಡ್ ಹಿಡ್ಕಂಡು ಮೆರವಣಿಗೆ ಹೋಗಿ ನ್ಯುಮೋನಿಯಾ ಹಚ್ಕಂಡು ಬಂದ. ಗೆದ್ರು. ಕುಣಿದಿದ್ದೇ ಕುಣಿದಿದ್ದು."

"ಗೆದ್ದು ಇದಾ ಬಂದಿದ್ದು? ನಮ್ ಮಕ್ಳು ಹೊರ್ಗೆ, ಕುರ್ಚಿ ಖಾಲಿ?"

"ಬಿಳಿಯರು ಓಡ್ಬಂದು ನಮ್ ಮಗ್ಗುಲಾಗೆ ಕೂತ್ಕಂತಾರೆ ಅಂತ ನಂಬಿದ್ದ ಕಣ್ಲಾ ಆ ಹುಚ್ಚು ಮುಂಡೇದು. ಒಳ್ಳೇವ್ನು."

ಕ್ಲೈವ್ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ, "ಅದ್ಕೇ ಸುಡ್ಬೇಕು ಅಂದಿದ್ದು," ಎಂದ.

"ಸುಟ್ರೆ ಏನಾಯ್ತದೆ? ಬಣ್ಣ ನೋಡಂಗಿಲ್ಲ ಅಂತ ಮಾಡ್ಲಿ ನೋಡು, ಎರಡೊರ್ಸದಾಗೆ ಯಾವ್ ಬಣ್ಣದೋರಾದ್ರೂ ಸರಿ, ಕಾರಿರೋರೆಲ್ಲ ಬಂದು ತುಂಬ್ಕಂತಾರೆ. ನಮ್ಗೆ ಅರ್ಧ ಕುರ್ಚೀನೂ ಇರಾಕಿಲ್ಲ. ಸುಟ್ ಮ್ಯಾಲೂ ಬೂದಿ ಗುಡ್ಸಾಕೆ ನಾನೇ ಬರ್ಬೇಕು."

ಕ್ಲೈವ್ ಬಾಯಲ್ಲಿದ್ದ ರೊಟ್ಟಿ ನುಂಗಿದ. ಅವನಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ.

"ಹಂಗಾರೆ ಕೆಜಿಯಾನ ಬಿಳಿಯಳು ಅಂತ ಬರ್ಸಕ್ಕ."

"ಥೂ ನಿನ್ನ. ಕಪ್ಪಗೆ ಮಿಂಚ್ತಾಳೆ ನನ್ ಬಂಗಾರ, ಯಾವನ್ ನಂಬ್ತಾನ್ಲಾ?"

"ನಿಮ್ ಮುತ್ತಾತ ಜಾರ್ಜಿಯಾದಾಗೆ ಹತ್ತಿ ತೋಟದ ಬಿಳಿ ಸಾವ್ಕಾರ ಅಂದಿದ್ದೆ ತಾನೆ? ಆ ಬೇವರ್ಸಿ ನಿಮ್ಗೆ ಇನ್ನೇನು ಕೊಟ್ಟ? ಒಂದು ಕುರ್ಚಿನಾದ್ರೂ ಕೊಡ್ಲಿ."

ಆರ್ಡೆಲಾ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಷ್ಟು ಹೊತ್ತೂ ಅದೇ ತಲೆಯಲ್ಲಿ ತಿರುಗಿತು.

ಮನೆಯಲ್ಲಿ ಕೆಜಿಯಾ ಸೊಪ್ಪು ಬೇಯಲು ಇಟ್ಟು, ಈರುಳ್ಳಿ ಸಿಪ್ಪೆಯನ್ನು ದೀಪಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಅವಳ ತಾಯಿ ವೃದ್ಧಾಶ್ರಮದಲ್ಲಿ ಎರಡು ಪಾಳಿ ದುಡಿಯುವವಳು, ಮನೆಗೆ ಬರುವುದು ಮಲಗಲು ಮಾತ್ರ. ಹುಡುಗಿ ಅಜ್ಜಿಯ ಪಾಲಿಗೇ ಬಿದ್ದಿದ್ದಳು. ಅಜ್ಜಿಯ ಕೆಲಸ ಮುಗಿಯುವವರೆಗೆ ಕಾಯುತ್ತ ಓಕ್‌ಮೂರಿನ ಕಿಟಕಿಯಾಚೆ ನಿಂತು ಒಳಗಿನ ಸೂಕ್ಷ್ಮದರ್ಶಕಗಳನ್ನು ನೋಡಿ ನೋಡಿ ಅವಳಿಗೆ ಅದರದ್ದೇ ಜ್ವರ.

"ಲೇ, ನಿನ್ನ ಬಿಳಿಯಳು ಅಂತ ಬರ್ಸಿ ಬರ್ಲಾ?" ಎಂದಳು ಆರ್ಡೆಲಾ.

ಕೆಜಿಯಾ ಸಿಪ್ಪೆ ಇಳಿಸಿದಳು. "ಹಂಗಾದ್ರೆ ನಾಳೆಯಿಂದ ಊಟಕ್ಕೆ ಖಾರ ಹಾಕ್ಬಾರ್ದಾ ಅಜ್ಜಿ?"

"ಮುಚ್ಚೇ ಬಾಯಿ."

"ಬಿಸ್ಲಿಗೆ ಹೋದ್ರೆ ಕೆಂಪಗಾಗ್ಬೇಕಾ? ಹಾಡಿಗೆ ಚಪ್ಪಾಳೆ ತಾಳ ತಪ್ಪಿ ತಟ್ಬೇಕಾ?"

ಆರ್ಡೆಲಾ ಸೌಟೆತ್ತಿದಳು. ಹುಡುಗಿ ಓಡಿ ಮಂಚದ ಆಚೆ ನಿಂತು ನಗುತ್ತಲೇ ಕೇಳಿದಳು, "ನಿಜ ಹೇಳಜ್ಜಿ, ಬರ್ಸಿದ್ರೆ ಸೇರುಸ್ಕಂತಾರಾ?" ಕೇಳುವಾಗ ನಗು ಮುಖದಲ್ಲೇ ಇತ್ತು, ದನಿಯಲ್ಲಿ ಇರಲಿಲ್ಲ. ಆರ್ಡೆಲಾ ಸೌಟು ಕೆಳಗಿಳಿಸಿದಳು.

ಮರುದಿನ ಮಾಪ್ ಬಾಗಿಲಿಗೆ ಒರಗಿಸಿ ಆಫೀಸಿನೊಳಗೆ ಹೋದಳು.

"ಮಿಸ್, ಕೆಜಿಯಾ ಅರ್ಜಿಯಾಗೆ ಜನಾಂಗ ಅನ್ನೋ ಕಡೆ ತಿದ್ಬೇಕಿತ್ತು. ಬಿಳಿ ಅಂತ ಬರ್ಕಳಿ."

ಮಿಸ್ ಹ್ಯಾಲೊರನ್ ತಮಾಷೆಯೆಂದುಕೊಂಡಳು. "ಆರ್ಡೆಲಾ, ನೀವು ಬಿಡಿ!"

"ನಮ್ ಮುತ್ತಾತ ಬಿಳಿ ಸಾವ್ಕಾರ ಮಿಸ್. ನಮ್ ಮುತ್ತಜ್ಜಿ ಅವ್ನ ಅಡಿಗೆಮನ್ಯಾಗಿದ್ಲು. ಹೂಂ ಅನ್ನಾಕೆ, ಊಹೂಂ ಅನ್ನಾಕೆ ಯಾರೂ ಕೇಳ್ಲಿಲ್ಲ ಅವ್ಳನ್ನ. ಈ ಮೂಗು ನೋಡಿ, ಅವ್ನ್ದೇ."

ಮಿಸ್ ಹ್ಯಾಲೊರನ್ನಳ ಕುತ್ತಿಗೆಯಿಂದ ಕೆಂಪು ಏರುತ್ತಾ ಬಂತು. "ಅದು... ತುಂಬ ದುಃಖದ ವಿಷಯ. ಆದರೆ ಹಾಗೆಲ್ಲ ಎಣಿಸುವುದಕ್ಕೆ ಆಗುವುದಿಲ್ಲ."

"ಯಾಕಾಗಾಕಿಲ್ಲ? ಒಂದು ತೊಟ್ಟು ಕರಿ ರಕ್ತ ಇದ್ರೂ ಕರಿಯ ಅಂತ ಕಾನೂನು ಮಾಡಿದ್ದು ನಿಮ್ಮೋರೇ ತಾನೆ? ಒಂದು ತೊಟ್ಟು ಬಿಳಿ ರಕ್ತಕ್ಕೂ ಹಂಗೇ ಮಾಡ್ಬುಡಿ. ಒಂದಿನದ ಮಟ್ಟಿಗೆ. ಕೆಜಿಯಾ ಸೇರ್ಕಂಡ್ ಮ್ಯಾಲೆ ತಗ್ದಾಕಿ."

ಹಿಂದಿನ ಮೇಜಿನ ಗುಮಾಸ್ತ ಕೆಮ್ಮಿ ನಗು ನುಂಗಿದ. ಮಿಸ್ ಹ್ಯಾಲೊರನ್ ಎದ್ದು ಬಂದು ಆರ್ಡೆಲಾಳ ಕೈ ಹಿಡಿದುಕೊಂಡಳು. ಬಿಳಿಯ ಮೃದು ಕೈ, ನಿಂಬೆಯ ಪರಿಮಳ.

"ಒಂದು ಉಪಕಾರ ಕೇಳಲಾ? ಈ ಶನಿವಾರ ಹೊರಗಿನ ಊರುಗಳ ತಂದೆ ತಾಯಂದಿರು ಶಾಲೆ ನೋಡುವುದಕ್ಕೆ ಬರುತ್ತಾರೆ. ರಜೆ ಶುರು, ನಮ್ಮ ಮಕ್ಕಳು ಯಾರೂ ಬರುವುದಿಲ್ಲ. ಖಾಲಿ ತರಗತಿ ನೋಡಿದರೆ ಅವರಿಗೆ ಏನನ್ನಿಸುತ್ತೆ ಹೇಳಿ? ಕೆಜಿಯಾಳನ್ನ ಕರೆತನ್ನಿ. ಅಲ್ಲಿ ಕೂತು ಪಾಠ ಕೇಳಿದಂತೆ ಮಾಡಿದರೆ ಸಾಕು. ಚೆಂದದ ಹುಡುಗಿ, ನೋಡೋದಕ್ಕೆ ಲಕ್ಷಣವಾಗಿರುತ್ತೆ."

"ಯಾವ್ ಕುರ್ಚಿ ಮ್ಯಾಲೆ?"

"ಯಾವುದಾದರೂ. ಅದೇ, ಆ ಖಾಲಿ ಇದೆಯಲ್ಲ, ಅದು."

ಮೈ ಉರಿಯಿತು. ಆದರೆ ಆಸೆ ಅನ್ನುವುದು ಹಾಳು ಕೆಟ್ಟದ್ದು. ಹುಡುಗಿಯನ್ನು ಆ ಕುರ್ಚಿಯಲ್ಲಿ ಕಣ್ಣಾರೆ ಕಂಡರೆ ಮೇಷ್ಟ್ರಿಗಾದರೂ, ಈ ಮಿಸ್ಸಿಗಾದರೂ ಮನಸ್ಸು ಕರಗೀತು ಎಂದುಕೊಂಡಳು ಆರ್ಡೆಲಾ. ತನ್ನ ಓಟಿಸ್ಸನ್ನು ಹುಚ್ಚು ಮುಂಡೇದು ಅಂದವಳೇ ಇವಳು!

ಶನಿವಾರ ಕೆಜಿಯಾಳ ಕೂದಲನ್ನು ಬಿಗಿಯಾಗಿ ಹೆಣೆದು, ಚರ್ಚಿನ ಬಟ್ಟೆ ಹಾಕಿಸಿ ಕರೆತಂದಳು. ತಾನು ಎಂದಿನ ನೀಲಿ ಅಂಗಿಯಲ್ಲಿ ಮಾಪ್ ಹಿಡಿದು ಕಾರಿಡಾರಿನಲ್ಲಿ ನಿಂತಳು; ನೋಡುವವರು ಹೋದ ಕೂಡಲೇ ಆ ಕೋಣೆಗಳ ನೆಲಕ್ಕೆಲ್ಲ ಪಾಲಿಶ್ ಬಳಿಯುವ ಕೆಲಸವಿತ್ತು. ಆಗಲೇ ಹತ್ತು ಹನ್ನೆರಡು ಜನ ಬಿಳಿಯರು ಕಾಫಿ ಲೋಟ ಹಿಡಿದು ಬಂದರು. ಅವರಲ್ಲೊಬ್ಬ ಎತ್ತರದ ಹೆಂಗಸು ಆರ್ಡೆಲಾಳನ್ನೂ ಮಾತಾಡಿಸಿದಳು. ಒಳ್ಳೆಯ ಮನಸ್ಸಿನವರೇ ಬಂದಿದ್ದರು, ಪಾಪ.

"ನಾವು ಫಾಲೋಫೀಲ್ಡಿನಿಂದ ಬಂದಿದ್ದೇವೆ. ನಿಮಗೆ ಗೊತ್ತಿರಲಿಕ್ಕಿಲ್ಲ."

"ಗೊತ್ತಿಲ್ದೆ ಏನವ್ವ? ಜಾರ್ಜಿಯಾದಿಂದ ನಮ್ಮವ್ವ ನನ್ನ ಕರ್ಕಂಡು ಬಂದಿದ್ದೇ ಅಲ್ಲಿಗೆ. ಅದೆಲ್ಲಾ ಹೊಗೆಸೊಪ್ಪಿನ ಹೊಲ ಆವಾಗ. ಬಿಸ್ಲು ಬೀಳ್ದಂಗೆ ಹೊಲದ ಮ್ಯಾಲೆಲ್ಲಾ ಬಿಳಿ ಬಟ್ಟೆ ಕಟ್ತಿದ್ರು, ಅದ್ರಡಿ ನಾವು ಬೇಯ್ತಿದ್ವಿ. ನಿಮ್ ಮನೆ ಎಲ್ಲಿ?"

"ಮೇಪಲ್ ತಿರುವಿನಲ್ಲಿ."

"ಓ, ಅಲ್ಲೇ ನಮ್ ಕಕ್ಕಸು ಇದ್ದಿದ್ದು."

ಹೆಂಗಸು ನಗಬೇಕೋ ಬೇಡವೋ ತಿಳಿಯದೆ ಕಾಫಿ ಕುಡಿದಳು. ಅವಳ ಮಗ ಗ್ರಿಫಿನ್ ಫುಟ್‌ಬಾಲ್ ಬೂಟು ಹಾಕಿಕೊಂಡೇ ಬಂದಿದ್ದ. ಆಟಕ್ಕೆ ಹೊತ್ತಾಗುತ್ತದೆಂದು ಅಮ್ಮನ ತೋಳು ಜಗ್ಗುತ್ತಿದ್ದ.

ಒಳಗೆ ಓಕ್‌ಮೂರಿನ ವಿಜ್ಞಾನದ ಮೇಷ್ಟ್ರು ಈರುಳ್ಳಿ ಪೊರೆಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಡಿ ಇಟ್ಟರು. ಕೆಜಿಯಾ ಬಗ್ಗಿ ನೋಡಿದಳು. ಬಗ್ಗಿದವಳು ಏಳಲಿಲ್ಲ.

"ಅಯ್ಯಯ್ಯೋ!" ಎಂದು ಚೀರಿದಳು. "ಮನೆಗಳವೆ ಒಳ್ಗೆ! ಸಾಲು ಸಾಲು ಮನೆ! ಅಜ್ಜಿ, ದಿನಾ ಇದ್ನೇ ಹೆಚ್ತೀವಲ್ಲಾ ನಾವು!"

ಎಲ್ಲರೂ ನಕ್ಕರು. ಪಕ್ಕದಲ್ಲಿ ಕೂರಿಸಿದ್ದ ಗ್ರಿಫಿನ್ ತಾನೂ ನೋಡಿ, ಏನೂ ಕಾಣುವುದಿಲ್ಲ ಎಂದ. ಕೆಜಿಯಾ ಅವನ ಒಂದು ಕಣ್ಣನ್ನು ತನ್ನ ಅಂಗೈಯಿಂದ ಮುಚ್ಚಿ, "ಈಗ್ ನೋಡು ಕೋತಿ," ಎಂದಳು. ಅವನಿಗೂ ಕಂಡಿತು. "ಓ," ಎಂದ. ಇಬ್ಬರ ತಲೆಯೂ ತಾಗುವಂತೆ ಬಗ್ಗಿ ನೋಡಿದರು. ಕಾರಿಡಾರಿನಿಂದ ನೋಡುತ್ತಿದ್ದ ಆರ್ಡೆಲಾಳಿಗೆ ಗಂಡ ನೆನಪಾದ. ಇದಕ್ಕೇ ಅಲ್ಲವೇ ಅವನು ಹಿಮದಲ್ಲಿ ನಿಂತದ್ದು.

ಗ್ರಿಫಿನ್ನನ ತಾಯಿ ಮಿಸ್ ಹ್ಯಾಲೊರನ್ನಳ ತೋಳು ಹಿಡಿದಳು. "ಇಂಥ ಮಕ್ಕಳ ಜೊತೆ ಓದಬೇಕು ನನ್ನ ಮಗ! ಸೋಮವಾರದ ಒಳಗೆ ಯೋಚಿಸಿ ಹೇಳುತ್ತೇವೆ."

"ಎಷ್ಟು ಬೇಕಾದರೂ ಸಮಯ ತಗೊಳ್ಳಿ. ಇದೇ ಕುರ್ಚಿ, ನಿಮಗೋಸ್ಕರವೇ ಇಟ್ಟಿದ್ದೇವೆ," ಎಂದು ಮಿಸ್ ಹ್ಯಾಲೊರನ್ ಕೆಜಿಯಾ ಕೂತಿದ್ದ ಕುರ್ಚಿಯ ಬೆನ್ನು ತಟ್ಟಿದಳು.

"ನಂಗೆ ಬೇಡಮ್ಮ," ಎಂದ ಗ್ರಿಫಿನ್. "ನನ್ನ ಟೀಮೆಲ್ಲ ನಮ್ಮೂರ ಶಾಲೇಲೇ ಇದೆ."

ಎಲ್ಲರೂ ಹೊರಟರು. ಮೇಷ್ಟ್ರು ಸೂಕ್ಷ್ಮದರ್ಶಕಗಳನ್ನು ಬೀರುವಿಗಿಟ್ಟು ಬೀಗ ಹಾಕಿ ಹೋದರು. ಮಿಸ್ ಹ್ಯಾಲೊರನ್ ಒಂದು ಬಿಸ್ಕತ್ತನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೆಜಿಯಾಳ ಮುಂದಿಟ್ಟಳು.

"ತುಂಬ ಚೆನ್ನಾಗಿ ಮಾಡಿದೆ ಪುಟ್ಟಿ. ಥ್ಯಾಂಕ್ಸ್. ಈಗ ಏಳು, ಅಜ್ಜಿಗೆ ಕೆಲಸ ಇದೆ."

"ನಾನು ಸೇರ್ಕಂಡಂಗಾ ಮಿಸ್?"

"ಇಲ್ಲ ಕಂದ. ಇವತ್ತಿಗೆ ಮಾತ್ರ ಅಂತ ಅಜ್ಜಿ ಹೇಳಿಲ್ಲವಾ?"

ಕೆಜಿಯಾ ಬಿಸ್ಕತ್ತನ್ನು ಒಂದೇ ಬೆರಳಿನಿಂದ ಮೇಜಿನ ಅಂಚಿನವರೆಗೆ ತಳ್ಳಿದಳು. ಕೈಕಟ್ಟಿ ಕೂತಳು.

"ನಾನ್ ಏಳಾಕಿಲ್ಲ."

"ಕೆಜಿಯಾ..."

"ಆ ಹುಡುಗ ಬ್ಯಾಡ ಅಂದ. ನಾನೇ ಕೇಳುಸ್ಕಂಡೆ. ನಂಗೆ ಬೇಕು. ಏಳಾಕಿಲ್ಲ."

ಮಿಸ್ ಹ್ಯಾಲೊರನ್ ಆರ್ಡೆಲಾಳ ಕಡೆ ತಿರುಗಿದಳು. ಈ ಸಲ ಕಣ್ಣಲ್ಲಿ ನೀರಿರಲಿಲ್ಲ. "ನಾನು ಅವರನ್ನೆಲ್ಲ ಕಾರಿನವರೆಗೆ ಬಿಟ್ಟು ಬರುತ್ತೇನೆ. ಅಷ್ಟರಲ್ಲಿ ನಿಮ್ಮ ಹುಡುಗಿಗೆ ಬುದ್ಧಿ ಹೇಳಿ, ಕೋಣೆ ಖಾಲಿ ಮಾಡಿಸಿ. ನೆಲದ ಕೆಲಸ ಇವತ್ತೇ ಮುಗಿಯಬೇಕು." ಚಪ್ಪಲಿಯ ಹಿಮ್ಮಡಿ ಟಕಟಕ ಎನ್ನುತ್ತಾ ದೂರವಾಯಿತು.

ಆರ್ಡೆಲಾ ಮೊಮ್ಮಗಳನ್ನು ನೋಡಿದಳು. ಹುಡುಗಿ ಕಟ್ಟಿದ ಕೈ ಬಿಟ್ಟಿರಲಿಲ್ಲ. ಏಳೇ ಅಂತ ಬಾಯಿ ತೆರೆದಳು. ತನ್ನವ್ವ ತನಗೆ ಹೇಳಿದ್ದು, ತಾನು ಮಗಳಿಗೆ ಹೇಳಿದ್ದು, ಅದೇ ಒಂದು ಮಾತು. ಬಾಗಿಲ ಕಡೆ ತಿರುಗಿದಳು.

"ಕ್ಲೈವಾ!" ಎಂದು ಕೂಗಿದಳು. "ಮೇಜು ಕುರ್ಚಿ ಎಲ್ಲಾ ಎತ್ತಿ ಕಾರಿಡಾರ್‌ಗೆ ಮಡಗು. ಇದೊಂದು ಬುಟ್ಟು."

ಕ್ಲೈವ್ ಕೆಜಿಯಾಳನ್ನು ನೋಡಿದ, ಅಕ್ಕನನ್ನು ನೋಡಿದ. ತೋಳು ಮಡಿಸಿ ಮೊದಲ ಮೇಜಿಗೆ ಕೈ ಹಾಕಿದ. ಮೇಜುಗಳು ಒಂದೊಂದಾಗಿ ಹೊರಗೆ ಹೋದವು. ಬೋಳಾದ ಆ ದೊಡ್ಡ ಕೋಣೆಯ ನಡುವೆ ಹುಡುಗಿಯೊಬ್ಬಳೇ ಉಳಿದಳು.

"ಕಾಲು ಮ್ಯಾಕೆತ್ಕಳೆ," ಎಂದಳು ಆರ್ಡೆಲಾ. ಕುರ್ಚಿಯಡಿ ಒದ್ದೆ ಬಟ್ಟೆ ಆಡಿಸಿ ಧೂಳು ತೆಗೆದಳು. ನೆಲ ಆರಿದ ಮೇಲೆ ಡಬ್ಬ ತೆರೆದಳು. ಹಾಲಿನಂಥ ಪಾಲಿಶಿನಲ್ಲಿ ಅಗಲ ಮಾಪನ್ನು ಅದ್ದಿ, ಹಿಂದಿನ ಗೋಡೆಯ ಮೂಲೆಯಿಂದ ಹಿಡಿದು, ಕುರ್ಚಿಯ ಸುತ್ತ ಬಳಸಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಬಳಿದಳು. ಹದಿನೆಂಟು ವರ್ಷದಿಂದ ಮಾಡಿದ ಕೆಲಸ. ಎಲ್ಲೂ ಒಣ ಜಾಗ ಬಿಡಲಿಲ್ಲ. ಬಾಗಿಲ ಹೊಸ್ತಿಲು ಹಿಮ್ಮಡಿಗೆ ತಾಗಿದಾಗ ನಿಲ್ಲಿಸಿದಳು.

ಕಾರುಗಳ ಹತ್ತಿರ ಮಾತು ಮುಗಿಯುವಷ್ಟರಲ್ಲಿ ಬಹಳ ಹೊತ್ತಾಗಿತ್ತು; ಆಗ ಟಕಟಕ ಸದ್ದು ಬಂತು. ಮಿಸ್ ಹ್ಯಾಲೊರನ್ ಬಾಗಿಲಿಗೆ ಬಂದವಳು ಒಳಗೆ ಕಾಲಿಡಹೋಗಿ, ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತಳು. ಹಸಿ ಪಾಲಿಶ್ ಮೇಲೆ ಯಾರೂ ಕಾಲಿಡುವಂತಿಲ್ಲ. ಶಾಲೆಯ ದೊಡ್ಡ ಮೇಷ್ಟ್ರೂ ಇಡುವುದಿಲ್ಲ. ಇಟ್ಟರೆ ಇಡೀ ಕೋಣೆ ಕೆರೆದು ಮತ್ತೆ ಮೊದಲಿನಿಂದ ಬಳಿಯಬೇಕು. ಇಟ್ಟವರೂ ಜಾರಿ ಬೀಳುತ್ತಾರೆ.

"ಏನಿದು ಆರ್ಡೆಲಾ?"

"ನೆಲದ ಕೆಲ್ಸ ಮಿಸ್. ಇವತ್ತೇ ಮುಗಿಬೇಕು ಅಂದ್ರಲ್ಲ."

"ಹುಡುಗಿ ಒಳಗಿದ್ದಾಳೆ!"

"ಹೂಂ. ಒಳಗವ್ಳೆ."

ಮಿಸ್ ಹ್ಯಾಲೊರನ್ ದನಿ ಸಿಹಿ ಮಾಡಿಕೊಂಡಳು. "ಕೆಜಿಯಾ, ಎದ್ದು ಬಾ ಪುಟ್ಟಿ. ಮೆಲ್ಲಗೆ, ತುದಿಗಾಲಲ್ಲಿ ಬಾ."

ಕೆಜಿಯಾ ಸುತ್ತಲಿನ ಮಿರಮಿರ ನೆಲವನ್ನು ಒಮ್ಮೆ ನೋಡಿ, ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡಳು.

"ತುಳುದ್ರೆ ಅಜ್ಜಿ ಬೈತಾಳೆ ಮಿಸ್."

ಕಾರಿಡಾರಿನಲ್ಲಿ ಮೇಜುಗಳ ನಡುವೆ ಕ್ಲೈವ್ ಗೋಡೆಗೆ ಮುಖ ಮಾಡಿ ನಿಂತು ಬಿಟ್ಟ. ಅವನ ಭುಜ ಕುಣಿಯುತ್ತಿತ್ತು. ಮಿಸ್ ಹ್ಯಾಲೊರನ್ ಕಾಲು ಕೆಳಗಿಟ್ಟಳು. ಮುಖ ಬಿಗಿಯಿತು.

"ಇದು ಎಷ್ಟು ಹೊತ್ತಿಗೆ ಒಣಗುತ್ತೆ?"

"ಒಂದು ಗಂಟೆ ಅನ್ನಿ."

"ಸರಿ. ಒಂದು ಗಂಟೆ ಕಾಯುತ್ತೇನೆ. ಆಮೇಲೆ ಮೇಲಿನವರಿಗೆ ಫೋನು ಮಾಡುತ್ತೇನೆ. ನಿಮ್ಮ ಕೆಲಸ ಉಳಿಯುವುದಿಲ್ಲ ಆರ್ಡೆಲಾ, ನಿಮಗೆ ಅರ್ಥವಾಗುತ್ತಿದೆಯಾ?"

"ಆಯ್ತೈತೆ ಮಿಸ್," ಎಂದಳು ಆರ್ಡೆಲಾ. ಮಾಪನ್ನು ಬಕೆಟ್ಟಿನ ಅಂಚಿಗೆ ಒತ್ತಿ ಹಿಂಡಿದಳು. "ನೀವು ನಿಂತ್ಕಂಡು ಕಾಯ್ಬ್ಯಾಡಿ, ಕಾಲು ನೋಯ್ತದೆ. ಕಾರಿಡಾರ್‌ನಾಗೆ ಅಷ್ಟೊಂದು ಕುರ್ಚಿ ಅವೆ, ಯಾವುದ್ರಾಗಾದ್ರೂ ಕೂತ್ಕಳಿ. ಕ್ಲೈವಾ, ಇದಾರಿದ ಮ್ಯಾಲೆ ಇನ್ನೊಂದು ಸುತ್ತು ಬಳಿಬೇಕು. ಇನ್ನೊಂದು ಡಬ್ಬ ತತ್ತಾರ್ಲಾ."